ಮೊದಲ ಸ್ನಾನಕ್ಕೆ ಅವಸರ ಬೇಡ

ಆಗತಾನೇ ಹುಟ್ಟಿದ ಕೂಸಿನ ಮೈಗೆ ಬೆಣ್ಣೆ ಮೆತ್ತಿದಂತೆ ಬಿಳಿಯ ಲೇಪವೊಂದು ಅಂಟಿಕೊಂಡಿರುತ್ತದೆ. ಬೆನ್ನು, ತೊಡೆಸಂದು, ಕಂಕುಳಲ್ಲಿ ಅದು ಇನ್ನೂ ದಪ್ಪ. ಕೊಳೆಯೆಂದೇ ಭಾವಿಸಿ ಅದನ್ನು ತೊಳೆದು ತೆಗೆಯುವ ಅವಸರ ನಮ್ಮ ಎಷ್ಟೋ ಮನೆಗಳಲ್ಲಿದೆ. ವೈದ್ಯರು ಇದನ್ನು ವರ್ನಿಕ್ಸ್ ಎನ್ನುತ್ತಾರೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿನ ಚರ್ಮವೇ ಇದನ್ನು ಸಿದ್ಧಮಾಡಿಕೊಳ್ಳುತ್ತದೆ.

ಇದರಲ್ಲಿ ಶೇ. 80ರಷ್ಟು ನೀರು, ಉಳಿದದ್ದು ಹೆಚ್ಚುಕಡಿಮೆ ಸಮಪಾಲು ಕೊಬ್ಬು ಮತ್ತು ಪ್ರೋಟೀನು. ಇಷ್ಟು ನೀರಿದ್ದೂ ಅದು ಜಿಡ್ಡಿನಂತೆ ವರ್ತಿಸುವುದು ನನಗೆ ಎಂದಿಗೂ ಅಚ್ಚರಿ. ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ತೇಲುವ ಮಗುವಿನ ಚರ್ಮ ನೆಂದು ಕೆಡದಂತೆ ಕಾಯುತ್ತದೆ. ಹೊರಗೆ ಬಂದ ಮೇಲೆ ಅದೇ ಲೇಪ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ತಾಯಿಯ ಹಾಲಿನಲ್ಲಿರುವ ಲೈಸೋಜೈಮ್, ಲ್ಯಾಕ್ಟೋಫೆರಿನ್ ಎಂಬ ರೋಗಾಣು ನಿರೋಧಕಗಳು ಇದರಲ್ಲೂ ಇವೆ.

ಕಾವಲು ಬೇಕೇಬೇಕು, ಏಕೆಂದರೆ ಕೆಳಗಿನ ಚರ್ಮ ಇನ್ನೂ ಎಳೆಯದು. ಅದರ ಹೊರಪದರ ದೊಡ್ಡವರದಕ್ಕಿಂತ ತೆಳು. ದೊಡ್ಡವರ ಚರ್ಮದ ಮೇಲಿರುವ ಹಗುರ ಆಮ್ಲೀಯತೆ ಅನೇಕ ರೋಗಾಣುಗಳನ್ನು ತಡೆಯುತ್ತದೆ. ಕೂಸಿಗೆ ಅದು ಹುಟ್ಟುವಾಗ ಇರುವುದಿಲ್ಲ, ದಿನ ವಾರಗಳಲ್ಲಿ ಕೂಡಿಬರುತ್ತದೆ. ಕ್ಷಾರವಿರುವ ಸೋಪು ಹಚ್ಚಿದರೆ ಅದಕ್ಕೂ ಅಡ್ಡಿ. ತೂಕಕ್ಕೆ ಹೋಲಿಸಿದರೆ ಕೂಸಿನ ಮೈಯ ಹರವು ನಮ್ಮದರ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಮೈಯ ಬಿಸಿ ಬೇಗ ಆರುತ್ತದೆ, ಹಚ್ಚಿದ್ದೂ ಹೆಚ್ಚು ಒಳಗಿಳಿಯುತ್ತದೆ. ತೀರಾ ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಈ ಲೇಪವೂ ಅಷ್ಟಾಗಿ ಇರುವುದಿಲ್ಲ. ಚರ್ಮದ ಮೂಲಕವೇ ಮೈಯ ನೀರು ಆವಿಯಾಗಿ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಿ ಎನ್ನುವುದು ಇದಕ್ಕೇ. ರಕ್ತ, ತೇವ ಒರೆಸಿದರೆ ಸಾಕು. ಬಿಳಿಯ ಲೇಪ ತಾನಾಗಿ ಚರ್ಮದಲ್ಲಿ ಇಂಗುತ್ತದೆ. ಮೈಗೂದಲು ಹೋಗಲೆಂದು ಹಿಟ್ಟಿನುಂಡೆಯಿಂದ ತಿಕ್ಕುವುದನ್ನಂತೂ ದಯವಿಟ್ಟು ಬಿಟ್ಟುಬಿಡಿ. ಆ ನವಿರು ಕೂದಲು ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ತಿಕ್ಕಿದರೆ ಗೀರಾಗಿ ಸೋಂಕಿಗೆ ದಾರಿಯಾಗುತ್ತದೆ.

ಬಾಣಂತನದ ಎಣ್ಣೆ ನೀರಿನ ಹಿಂದೆ ಅಜ್ಜಿ, ಅಮ್ಮಂದಿರ ಅಕ್ಕರೆಯಿದೆ, ಅದನ್ನು ನಿಲ್ಲಿಸಿ ಎನ್ನುತ್ತಿಲ್ಲ. ಒಂದು ದಿನ ತಡೆದು, ಮಗುವಿನ ಮೈ ಬೆಚ್ಚಗಿದ್ದು ಹಾಲು ಕುಡಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ನೀರೆರೆಯಲಿ.