ಉಪವಾಸವೂ ಕನ್ನಡಿಯೂ

ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮ ಶ್ರಾವಕ ಕುಟುಂಬಗಳಲ್ಲಿ ಏಕಾಶನ, ಉಪವಾಸಗಳ ಮಾತು ಹೆಚ್ಚುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಅದರೊಡನೆ ಇನ್ನೊಂದು ಮಾತೂ ಬಂದು ಸೇರಿಕೊಂಡಿದೆ. ಉಪವಾಸದಿಂದ ತೂಕ ಎಷ್ಟು ಇಳಿಯಿತು ಎಂಬುದೇ ಆ ಮಾತು. ರಾತ್ರಿಭೋಜನ ತ್ಯಾಗವನ್ನು ಸೊಂಟದ ಸುತ್ತಳತೆಯ ಲೆಕ್ಕದಲ್ಲಿ ಹೊಗಳುವವರು ನಮ್ಮಲ್ಲಿಯೇ ಇದ್ದಾರೆ. ಹಾಗಾದರೆ ಅನ್ನವನ್ನು ಬಿಡುವುದೆಲ್ಲವೂ ತಪಸ್ಸೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯತಪಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಆದುದರಿಂದ ಹೊರಗಿನಿಂದ ನೋಡುವವರಿಗೆ ತುಪ್ಪ ಸಕ್ಕರೆಗಳನ್ನು ಬಿಟ್ಟ ವ್ರತಿಯೂ ತೆಳ್ಳಗಾಗಲೆಂದು ಅವನ್ನೇ ಬಿಟ್ಟವನೂ ಒಂದೇ ರೀತಿ ಕಾಣುತ್ತಾರೆ. ಆದರೆ ಅದೇ ಗ್ರಂಥದ 7ನೆಯ ಅಧ್ಯಾಯವು ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ವಿಧಿಸುತ್ತದೆ. ಮಾಯಾ, ಮಿಥ್ಯಾ, ನಿದಾನಗಳೇ ಆ ಮೂರು ಶಲ್ಯಗಳು. ಫಲದ ಆಸೆಯಿಂದ ವ್ರತ ಹಿಡಿಯುವುದು ನಿದಾನ. ಸ್ವರ್ಗವನ್ನು ಬಯಸಿ ಉಪವಾಸ ಮಾಡುವುದೇ ದೋಷವೆಂದ ಮೇಲೆ, ಸಪೂರವಾದ ಸೊಂಟವನ್ನು ಬಯಸಿ ಮಾಡುವುದನ್ನು ಏನೆನ್ನೋಣ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸುವಾಗ ತಪೋಮದವನ್ನೂ ಶರೀರಮದವನ್ನೂ ಅಕ್ಕಪಕ್ಕದಲ್ಲಿಯೇ ಇಟ್ಟಿದ್ದಾರೆ. ದೇಹದ ಅಂದಕ್ಕಾಗಿ ಉಪವಾಸ ಮಾಡಿ ಅದನ್ನು ನಾಲ್ವರ ಮುಂದೆ ಹೇಳಿಕೊಳ್ಳುವವನಿಗೆ ಎರಡೂ ಒಟ್ಟಿಗೇ ಅಂಟಿಕೊಳ್ಳುತ್ತವೆ. ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಅಂಜನ, ಸ್ನಾನಗಳನ್ನೂ ತ್ಯಜಿಸಬೇಕೆಂದು ಅದೇ ಗ್ರಂಥ ಹೇಳುತ್ತದೆ. ದೇಹದ ಕಡೆಗೆ ನೋಡದಿರುವುದೇ ಆ ದಿನದ ಕೆಲಸ. ಅಂದು ಕನ್ನಡಿಯ ಮುಂದೆ ನಿಂತು ಕೆನ್ನೆ ಎಷ್ಟು ಇಳಿಯಿತೆಂದು ಪರೀಕ್ಷಿಸುವುದು ವ್ರತದ ಬುಡಕ್ಕೇ ಕೊಡಲಿ.

1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಎಂಬ ಅಮೆರಿಕದ ವೈದ್ಯರು ‘ಆರ್ಥೊರೆಕ್ಸಿಯಾ’ ಎಂಬ ಹೊಸ ಹೆಸರೊಂದನ್ನು ಬಳಕೆಗೆ ತಂದರು. ಗ್ರೀಕ್ ಮೂಲದ ಈ ಪದಕ್ಕೆ ಸರಿಯಾದ ಹಸಿವು ಎಂದರ್ಥ. ಎಷ್ಟು ತಿನ್ನಬೇಕೆಂಬುದಕ್ಕಿಂತ ಆಹಾರ ಎಷ್ಟು ಶುದ್ಧವೆಂಬ ಚಿಂತೆಯೇ ಬಲಿತು, ಬದುಕನ್ನೆಲ್ಲ ಆವರಿಸುವ ಸ್ಥಿತಿ ಅದು. ಈ ವಿಷಯ ಜೈನರಾದ ನಮಗೆ ಬಹಳ ಹತ್ತಿರದ್ದು. ಏಕೆಂದರೆ ಕಾಳನ್ನು ಶೋಧಿಸುವುದು, ನೀರನ್ನು ಸೋಸುವುದು, ಹಿಟ್ಟಿನ ಮರ್ಯಾದೆಯ ದಿನಗಳನ್ನು ಎಣಿಸುವುದು ನಮ್ಮ ಅಡಿಗೆಮನೆಯ ನಿತ್ಯಕರ್ಮ. ಹೊರನೋಟಕ್ಕೆ ಎರಡೂ ಒಂದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಒಂದಲ್ಲ. ನಾವು ಶೋಧಿಸುವುದು ಆ ಸಣ್ಣ ಜೀವಕ್ಕೆ ನಮ್ಮಿಂದ ಹಿಂಸೆಯಾಗದಿರಲೆಂದು. ಅಲ್ಲಿ ಶೋಧಿಸುವುದು ತನ್ನ ದೇಹ ಕೆಟ್ಟೀತೆಂಬ ಭಯದಿಂದ. ನೀರು ಸೋಸಿದ ಮೇಲೆ ಶ್ರಾವಿಕೆಯ ಮನಸ್ಸು ನಿಶ್ಚಿಂತವಾಗುತ್ತದೆ. ಭಯವನ್ನು ಸೋಸುವ ಬಟ್ಟೆ ಯಾವ ಅಂಗಡಿಯಲ್ಲೂ ಇಲ್ಲ.

ದೊಡ್ಡಬಳ್ಳಾಪುರದ ಕಡೆಯ ಒಂದು ಮನೆ. ಕಾಲೇಜಿಗೆ ಹೋಗುವ ಮಗಳು ಮೊದಲು ಸಕ್ಕರೆ ಬಿಟ್ಟಳು, ಆಮೇಲೆ ತುಪ್ಪ, ಬಳಿಕ ಅನ್ನ, ಕೊನೆಗೆ ರಾಗಿಮುದ್ದೆ. ಅಷ್ಟಮಿ ಚತುರ್ದಶಿಗಳಿಗೆ ಮೀಸಲಾಗಿದ್ದ ಉಪವಾಸ ವಾರಕ್ಕೆ ನಾಲ್ಕು ದಿನಕ್ಕೆ ಏರಿತು. ಅಜ್ಜಿ ಹಿಗ್ಗಿ, ಮೊಮ್ಮಗಳು ಧರ್ಮಾತ್ಮಳೆಂದು ಬಸದಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಅವಳನ್ನು ಒಂದೇ ಮಾತು ಕೇಳಿದೆ: “ಎಷ್ಟು ದಿನದ ನಿಯಮ ತೆಗೆದುಕೊಂಡಿದ್ದೀಯಮ್ಮ?” ಅವಳು ತಲೆ ತಗ್ಗಿಸಿ, “ಹಾಗೇನೂ ಇಲ್ಲ, ಮೇಷ್ಟ್ರೆ” ಎಂದಳು.

ಭೇದವಿರುವುದು ಇಲ್ಲಿಯೇ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವ ಪಾಲಿಸುವುದು ಯಮ. ಎರಡಕ್ಕೂ ಗಡಿಯಿದೆ, ಎರಡನ್ನೂ ತಿಳಿದು ಹಿಡಿಯುತ್ತೇವೆ. ಹಿಡಿದ ಮೇಲೆ ಆಹಾರದ ಚಿಂತೆ ಮುಗಿಯಿತು. ಮನಸ್ಸು ಸ್ವಾಧ್ಯಾಯಕ್ಕೆ ತಿರುಗುತ್ತದೆ. ಈ ಮಗುವಿಗಾದರೋ ಬಿಟ್ಟಷ್ಟೂ ಬಿಡಬೇಕಾದದ್ದು ಬೆಳೆಯುತ್ತಿತ್ತು. ಪುಸ್ತಕ ಹಿಡಿದರೂ ಊಟದ್ದೇ ಲೆಕ್ಕ. ಪಾರಣೆಯ ದಿನ ಬಂದರೆ ಭಯ.

ಇಂಥ ಸ್ಥಿತಿಯಲ್ಲಿ ನಾಡಿ ನಿಧಾನವಾಗುತ್ತದೆ, ಕೂದಲು ಉದುರುತ್ತದೆ, ಮುಟ್ಟು ನಿಲ್ಲುತ್ತದೆ, ಎಲುಬು ಸವೆಯುತ್ತದೆ. ಹೆಣ್ಣುಮಕ್ಕಳು ಹೀಗೆ ಕ್ಷೀಣಿಸುವ ರೋಗಕ್ಕೆ ಲಂಡನ್ನಿನ ವೈದ್ಯ ವಿಲಿಯಂ ಗಲ್ ‘ಅನೊರೆಕ್ಸಿಯಾ’ ಎಂಬ ಹೆಸರಿಟ್ಟು ಒಂದೂವರೆ ಶತಮಾನವೇ ಆಗಿದೆ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಇದು ಹಟವಲ್ಲ, ರೋಗ, ಚಿಕಿತ್ಸೆಯುಂಟು. ಮನೋವೈದ್ಯರೆಂದೊಡನೆ ನಮ್ಮವರು ಮುಖ ಮುರಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ತಾಲ್ಲೂಕುಗಳಿಂದ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂತಿರುಗಬಹುದು.

ಧರ್ಮಕ್ಕೆ ಇದು ಸಮ್ಮತವೇ ಎಂದು ಶಂಕಿಸುವವರು ಸಮಂತಭದ್ರರ ಕಥೆಯನ್ನೇ ನೆನೆಯಬೇಕು. ದೇವಚಂದ್ರನ ರಾಜಾವಳೀಕಥೆಯಲ್ಲಿ ಅದು ಬಂದಿದೆ. ತಿಂದದ್ದನ್ನೆಲ್ಲ ಬೂದಿಮಾಡುವ ಭಸ್ಮಕರೋಗ ಆಚಾರ್ಯರನ್ನು ಹಿಡಿಯಿತು. ಅವರು ಗುರುವಿನಲ್ಲಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ಇವರಿಂದ ಶಾಸನಕ್ಕೆ ಆಗಬೇಕಾದ ಪ್ರಭಾವನೆ ಇನ್ನೂ ಉಳಿದಿದೆಯೆಂದು ತಿಳಿದು, ದೀಕ್ಷೆಯನ್ನು ಬದಿಗಿಟ್ಟು, ಬೇಕಾದಷ್ಟು ಉಂಡು, ರೋಗ ನೀಗಿಸಿಕೊಂಡು ಮತ್ತೆ ದೀಕ್ಷೆ ವಹಿಸೆಂದು ಆಜ್ಞಾಪಿಸಿದರು. ಮಹಾಮುನಿಗೇ ಉಣ್ಣೆಂದು ಹೇಳಿದ ಗುರುಪರಂಪರೆ ನಮ್ಮದು. ಹದಿನೆಂಟರ ಹುಡುಗಿಗೆ ಉಣ್ಣಮ್ಮ ಎನ್ನಲು ನಾವೇಕೆ ಅಳುಕಬೇಕು?

ಪರ್ವದ ಕೊನೆಯಲ್ಲಿ ಉಪವಾಸ ಮಾಡಿದವರನ್ನು ವೇದಿಕೆಗೆ ಕರೆದು ಹಾರ ಹಾಕುವ ಪದ್ಧತಿಯೂ ನನಗೆ ಹಿಡಿಸದು. ಅನುಮೋದನೆ ಪುಣ್ಯವೆಂಬುದು ನಿಜ; ಆದರೆ ಚಪ್ಪಾಳೆ ಯಾವ ಉಪವಾಸಕ್ಕೆ ಬಿತ್ತೆಂದು ಕೇಳುವವರಿಲ್ಲ. ಆದಿನಾಥಸ್ವಾಮಿಯ ದೀರ್ಘ ತಪಸ್ಸನ್ನು ನಾವು ಸ್ಮರಿಸುವ ಅಕ್ಷಯತೃತೀಯದ ಹಬ್ಬ ನಡೆಯುವುದು ಆಹಾರ ಬಿಟ್ಟ ದಿನಕ್ಕಲ್ಲ, ಹಸ್ತಿನಾಪುರದಲ್ಲಿ ಶ್ರೇಯಾಂಸನಿತ್ತ ಕಬ್ಬಿನ ರಸವನ್ನು ಅವರು ಸ್ವೀಕರಿಸಿದ ದಿನಕ್ಕೆ. ಆ ಹುಡುಗಿಯ ಮನೆಯವರಿಗೂ ಇಷ್ಟನ್ನೇ ಹೇಳಿ ಬಂದೆ: ವೈದ್ಯರು ಒಪ್ಪುವವರೆಗೆ ಅವಳಿಗೆ ಉಪವಾಸ ಬೇಡ, ಊಟಕ್ಕೆ ಎಲ್ಲರೂ ಜೊತೆಗೆ ಕುಳಿತುಕೊಳ್ಳಿ, ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ.