ಮುಟ್ಟಿಸಿಕೊಳ್ಳುವ ಇಂಗಾಲ

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದರೆ ನವನಗರ, ಭೈರಿದೇವರಕೊಪ್ಪ ದಾಟಿ ಉಣಕಲ್ ಸಿಗುತ್ತದೆ. ಅಲ್ಲಿ ಕೆರೆಯಿದೆ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯೂ ಇದೆ. ಗುಡಿಯಲ್ಲಿ ತೀರ್ಥವೆನಿಸುವ ನೀರು ಕೆರೆಯಾಚೆಯ ನಾಲಾದಲ್ಲಿ ಮೂಗು ಮುಚ್ಚಿಸುವ ಗಟಾರ. ಹಾಗಾದರೆ ಮೈಲಿಗೆ ಇರುವುದು ನೀರಿನಲ್ಲೋ, ನೋಡುವವರ ಕಣ್ಣಲ್ಲೋ? ಸಿದ್ಧಾರೂಢರ ಅದ್ವೈತ ಬೇರೂರಿದ ಊರಿಗೆ, ಮಡಿವಾಳ ಮಾಚಯ್ಯನನ್ನು ಶರಣನೆಂದು ನೆನೆಯುವ ನಾಡಿಗೆ ಈ ತಕರಾರು ಹೊಸದಲ್ಲ.

ಪ್ರಯೋಗಾಲಯದಿಂದ ಇದಕ್ಕೊಂದು ವಿಚಿತ್ರ ಸಾಕ್ಷಿ ಬಂದಿದೆ: ಸೂಕ್ಷ್ಮಜೀವಿ ಇಂಧನಕೋಶ. 1911ರಲ್ಲಿ ಇಂಗ್ಲೆಂಡಿನ ಡರ್ಹ್ಯಾಮ್‌ನ ಸಸ್ಯಶಾಸ್ತ್ರಜ್ಞ ಎಂ. ಸಿ. ಪಾಟರ್ ಪ್ಲಾಟಿನಂ ಎಲೆಕ್ಟ್ರೋಡ್ ಇಟ್ಟು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ವಿದ್ಯುತ್ ಹೊಮ್ಮಿಸುವುದನ್ನು ತೋರಿಸಿದರು. ಕೊಳಚೆಯ ಸಾವಯವ ಕಸ ತಿಂದ ಬ್ಯಾಕ್ಟೀರಿಯಾ ತಮ್ಮ ಎಲೆಕ್ಟ್ರಾನುಗಳನ್ನು ಆನೋಡಿಗೆ ಒಪ್ಪಿಸುತ್ತವೆ. ಅವು ತಂತಿಯಲ್ಲಿ ಹರಿದು ಕ್ಯಾಥೋಡ್ ತಲುಪಿದಾಗ ಗಾಳಿಯ ಆಮ್ಲಜನಕ ನೀರಾಗುತ್ತದೆ.

ಒಳ್ಳೆಯ ಆನೋಡ್ ನುಣುಪಾದ, ಹೊಳೆಯುವ ತಗಡಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ತಂಡ 2007ರಲ್ಲಿ ಪ್ರಕಟಿಸಿದ ಆನೋಡ್, ಟೈಟಾನಿಯಂ ತಂತಿಗೆ ಗ್ರಾಫೈಟ್ ಎಳೆ ಸುತ್ತಿದ್ದು. ನೋಡಲು ಬಾಟಲಿ ತೊಳೆಯುವ ಬ್ರಶ್ಶೇ. ಎಳೆ ಹೆಚ್ಚಿದಷ್ಟೂ ಜೀವಿಗಳಿಗೆ ಅಂಟಿಕೊಳ್ಳುವ ಜಾಗ ಹೆಚ್ಚು. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಅತಿಸೂಕ್ಷ್ಮ ಪ್ರೋಟೀನ್ ತಂತುಗಳಿಂದಲೂ ಎಲೆಕ್ಟ್ರಾನ್ ದಾಟಿಸುತ್ತವೆ. ಮುಟ್ಟಿಸಿಕೊಳ್ಳದ ಆನೋಡಿಗೆ ಇಲ್ಲಿ ಕೆಲಸವೇ ಇಲ್ಲ.

ಇಷ್ಟಕ್ಕೇ ಮೈಲಿಗೆ ಎಂಬುದೇ ಸುಳ್ಳು ಎಂದು ಕುಣಿದಾಡುವಂತಿಲ್ಲ. ಒಂದು ಮೈ ನೀರಿಗೆ, ಇನ್ನೊಂದು ಮೈ ಗಾಳಿಗೆ ಒಡ್ಡಿ ನಿಲ್ಲುವ ಕ್ಯಾಥೋಡಿಗೆ, ಬ್ಯಾಕ್ಟೀರಿಯಾ ಅಂಟಿ ಕಟ್ಟುವ ಅದೇ ಲೋಳೆಪೊರೆ ಶತ್ರು. ತಿಂಗಳುಗಳಲ್ಲಿ ಪೊರೆ ದಪ್ಪಗಾಗಿ, ಲವಣ ಕೂತು, ಮೊದಲೇ ಒಂದು ವೋಲ್ಟಿಗಿಂತ ಕಡಿಮೆ ಕೊಡುವ ಕೋಶ ಇನ್ನಷ್ಟು ಸೊರಗುತ್ತದೆ. ಆನೋಡಿಗೆ ಬಾಳು ಕೊಟ್ಟ ಅಂಟು ಕ್ಯಾಥೋಡಿನ ಉಸಿರು ಕಟ್ಟಿಸುತ್ತದೆ. ಶುದ್ಧ-ಅಶುದ್ಧ ವಸ್ತುವಿನ ಹುಟ್ಟುಗುಣವಲ್ಲ. ಹಾಗಂತ ಬರೀ ಮನಸ್ಸಿನ ಭ್ರಮೆಯೂ ಅಲ್ಲ. ಯಾವುದು, ಎಲ್ಲಿ, ಯಾವ ಕೆಲಸಕ್ಕೆ ಎಂಬುದರ ಮೇಲೆ ಅದು ನಿಂತಿದೆ. ಧಾರವಾಡದ ಮಡಿಹಾಳದಲ್ಲಿ, ಹುಬ್ಬಳ್ಳಿಯ ಬಿಡ್ನಾಳದಲ್ಲಿ ಕೊಳಚೆ ನೀರನ್ನೇ ಪಂಪಿನಿಂದ ಎತ್ತಿ ಕಾಯಿಪಲ್ಲೆ ಬೆಳೆದ ರೈತರಿಗೆ ಅದೇ ನೀರು ಗೊಬ್ಬರವೂ ಹೌದು, ರೋಗಾಣುವಿನ ಭಯವೂ ಹೌದು. ಅದ್ವೈತಿಯ ಸಮಾಧಾನ ಅವರ ಕಾಲಿನ ತುರಿಕೆಗೆ ಮದ್ದಲ್ಲ.

ಕ್ಯಾಥೋಡಿನ ಲೋಳೆಯನ್ನು ಆಗಾಗ ಕೆರೆದು ತೆಗೆಯಲೇಬೇಕು. ಕೆರೆಯುವವರು ಯಾರು ಎಂಬುದು ಎಂಜಿನಿಯರಿಂಗ್ ಪ್ರಶ್ನೆ ಮಾತ್ರವಲ್ಲ. ನಮ್ಮಲ್ಲಿ ಆ ಕೆಲಸಕ್ಕೆ ಜಾತಿಯ ವಿಳಾಸವಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ, ಅಪಾಯಕಾರಿ ರೀತಿಯಲ್ಲಿ ಚರಂಡಿ ಶುಚಿ ಮಾಡಿಸುವುದನ್ನೂ ಅಪರಾಧ ಎನ್ನುತ್ತದೆ. ಹಾಗಾಗಿ ಎಲೆಕ್ಟ್ರೋಡ್ ವಿನ್ಯಾಸದ ಮೊದಲ ಷರತ್ತು ವಿದ್ಯುತ್ತಿನ ಪ್ರಮಾಣವಾಗಬಾರದು. ಯಾರೂ ತೊಟ್ಟಿಗೆ ಇಳಿಯದೆ, ಮೇಲಿನಿಂದಲೇ ಎಳೆದು ತೊಳೆಯುವಂಥ ಕ್ಯಾಥೋಡ್ ಹಲಗೆ ಬೇಕು, ಒಂದಿಷ್ಟು ಮಿಲಿವೋಲ್ಟ್ ಕಳೆದುಕೊಂಡರೂ ಸರಿ.