ಬಿತ್ತುವ ಕಾಳು ಮತ್ತು ಎದುರು ಕುಳಿತವನು



ಇಂಡಿ ತಾಲ್ಲೂಕಿನ ತಾಂಬಾ ಕಡೆಯ ಒಕ್ಕಲುತನದ ಮನೆಗಳಲ್ಲಿ ಹಿರಿಯರು ಪಾಲಿಸುತ್ತಿದ್ದ ಒಂದು ಕಟ್ಟುಪಾಡು ನಿಮಗೆ ಗೊತ್ತಿರಬಹುದು. ಉಣ್ಣುವ ಜೋಳ ಬೇರೆ, ಬಿತ್ತುವ ಜೋಳ ಬೇರೆ. ಎಷ್ಟೇ ಬಡತನ ಬರಲಿ, ಬಿತ್ತುವ ಕಾಳಿಗೆ ಕೈ ಹಾಕಬಾರದು. ಬಿತ್ತುವಾಗಲೂ ಎಲ್ಲವನ್ನೂ ಒಮ್ಮೆಗೇ ಮಣ್ಣಿಗೆ ಚೆಲ್ಲಬಾರದು. ಮಳೆ ಕೈಕೊಟ್ಟರೆ ಮತ್ತೊಮ್ಮೆ ಬಿತ್ತಬೇಕಲ್ಲ!

ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟದ ಪಂದ್ಯಗಳನ್ನು ಆಡಿ ಪಳಗಿದವರು ಹೊಸಬರಿಗೆ ಹೇಳುವ ಬುದ್ಧಿಮಾತೂ ಹೆಚ್ಚುಕಡಿಮೆ ಇದೇ. ಆಟಕ್ಕೆಂದು ಸಣ್ಣ ಗಂಟೊಂದನ್ನು ಬೇರೆ ಇಡು. ಅದು ಹೋದರೂ ಮನೆಯ ಒಲೆ ಆರಬಾರದು. ಆ ಗಂಟಿನ ನೂರರಲ್ಲಿ ಒಂದು ಪಾಲನ್ನೋ ಎರಡು ಪಾಲನ್ನೋ ಮಾತ್ರ ಒಂದು ಪಂದ್ಯಕ್ಕೆ ಹಾಕು. ಸೋತರೆ ಇನ್ನೂ ಸಣ್ಣ ಪಂದ್ಯಕ್ಕೆ ಇಳಿ, ಸೋತದ್ದನ್ನು ಅಂದೇ ಗೆಲ್ಲಲು ಹೋಗಬೇಡ. 2000ದಲ್ಲಿ ಪೋಕರಿನ ವಿಶ್ವ ಪಂದ್ಯ ಗೆದ್ದ ಅಮೆರಿಕದ ಕ್ರಿಸ್ ಫರ್ಗ್ಯುಸನ್ ಅವರು ಇಂಥದೇ ನಿಯಮ ಹಾಕಿಕೊಂಡು, 2006ರಲ್ಲಿ ಪ್ರವೇಶಧನವಿಲ್ಲದ ಪಂದ್ಯಗಳಿಂದ ಶುರುಮಾಡಿ, ಸುಮಾರು ಒಂದೂವರೆ ವರ್ಷದಲ್ಲಿ 10,000 ಡಾಲರ್ ಮಾಡಿ ತೋರಿಸಿದರು.

ಈ ಶಿಸ್ತು ಯಾಕೆ ಬೇಕು? ಇಂಥ ಪಂದ್ಯಗಳಲ್ಲಿ ಬಹುಮಾನ ಸಿಗುವುದು ಆಡಿದವರಲ್ಲಿ ಕೆಲವರಿಗೆ ಮಾತ್ರ. ನೂರು ಪಂದ್ಯಗಳಲ್ಲಿ ಹದಿನೈದರಲ್ಲಿ ಹಣ ಗೆಲ್ಲುವವನು ಕಡಿಮೆ ಆಟಗಾರನೇನಲ್ಲ. ಆದರೂ ಅಂಥವನು ಸತತ ಹತ್ತು ಪಂದ್ಯಗಳಲ್ಲಿ ಬರಿಗೈಯಲ್ಲಿ ಏಳುವ ಸಂಭವ ಸುಮಾರು ಐದಕ್ಕೆ ಒಂದು. ಗಂಟು ಹತ್ತೇ ಪಂದ್ಯಗಳಿಗೆ ಸಾಕಾಗುವಷ್ಟಿದ್ದರೆ, ಆಟ ಬಲ್ಲವನೂ ಮುಳುಗುತ್ತಾನೆ. ಲಿಂಬೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯ ದರ ನಂಬಿ ಸಾಲ ಮಾಡಿದವನು ಮಳೆಗಾಲದ ದರಕ್ಕೆ ಸಿಕ್ಕಿಬೀಳುವುದನ್ನು ಇಂಡಿಯ ರೈತರು ಕಂಡೇ ಇದ್ದಾರೆ.

ಇಷ್ಟು ಓದಿ ನಮ್ಮ ಮನೆಯ ಮಗನೊಬ್ಬ, "ಅಪ್ಪಾ, ಇದು ಜೂಜಲ್ಲ, ಇದರಾಗ ಲೆಕ್ಕ ಐತಿ" ಎಂದರೆ ಏನು ಹೇಳುತ್ತೀರಿ? ಬೈದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಅವನ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಧರ್ಮಸಭೆಯೂ ಎಲೆ ಮುಟ್ಟಿದ್ದೇ ಪಾಪ ಎನ್ನುವುದಿಲ್ಲ. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥದ ಪ್ರಕಾರ ಇಸ್ಪೀಟಾಗಲಿ ಪಂಥವಾಗಲಿ ತನ್ನಷ್ಟಕ್ಕೇ ನ್ಯಾಯಕ್ಕೆ ವಿರುದ್ಧವಲ್ಲ. ತನಗೂ ತನ್ನನ್ನು ನಂಬಿದವರಿಗೂ ಬದುಕಲು ಬೇಕಾದದ್ದನ್ನು ಅದು ಕಸಿದುಕೊಂಡಾಗ ತಪ್ಪಾಗುತ್ತದೆ. ಆಟದ ಹುಚ್ಚು ಮನುಷ್ಯನನ್ನು ದಾಸನನ್ನಾಗಿ ಮಾಡುವ ಅಪಾಯವೂ ಇದೆ. ಗಂಟನ್ನು ಬೇರೆ ಇಟ್ಟ ಹುಡುಗ ಈ ಎರಡೂ ಗಂಡಾಂತರಗಳಿಂದ ಪಾರಾದಂತೆ ಕಾಣುತ್ತದೆ. ಗೋಪುರ ಕಟ್ಟುವ ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವವನ ಮಾತು ಲೂಕನ ಶುಭಸಂದೇಶದಲ್ಲೂ ಇದೆಯಲ್ಲ!

ಹಾಗಾದರೆ ತಪ್ಪೆಲ್ಲಿದೆ? ನನಗೆ ಕಂಡದ್ದನ್ನು ಹೇಳುತ್ತೇನೆ. ಒಂಬತ್ತು ಜನ ತಲಾ 100 ರೂಪಾಯಿ ಹಾಕಿ ಆಡುತ್ತಾರೆ ಎನ್ನೋಣ. ಆಡಿಸುವವರು ಒಬ್ಬೊಬ್ಬರಿಂದ 10 ರೂಪಾಯಿ ಹಿಡಿದುಕೊಳ್ಳುತ್ತಾರೆ. ಒಳಗೆ ಹೋದದ್ದು 900, ಹೊರಗೆ ಬರುವುದು 810. ಒಂಬತ್ತೂ ಜನ ಸಮಾನ ಜಾಣರಾಗಿದ್ದು, ಸಮಾನ ಶಿಸ್ತಿನವರಾಗಿದ್ದರೆ, ಕಾಲಕ್ರಮದಲ್ಲಿ ಒಂಬತ್ತೂ ಜನ ಸೋಲುತ್ತಾರೆ. ನಮ್ಮ ಹುಡುಗನ ಗಂಟು ಬೆಳೆಯಬೇಕಾದರೆ ಎದುರಿಗೆ ಕಡಿಮೆ ಬಲ್ಲವನೊಬ್ಬ ಇರಲೇಬೇಕು. ಅವನು ಸೋತರೂ ಏಳದೆ ಕುಳಿತರೆ ಇನ್ನೂ ಒಳ್ಳೆಯದು. ಇವನ ಶಿಸ್ತಿಗೆ ಅನ್ನ ಹಾಕುವುದು ಅವನ ಶಿಸ್ತುಗೇಡಿತನ.

ಪೋಕರ್ ಕಲಿಯುವವರಿಗೆ ಗಂಟು ಕಾಯುವುದರ ಜೊತೆಗೇ ಇನ್ನೊಂದು ಪಾಠವೂ ಇದೆ: ದುರ್ಬಲರಿರುವ ಮೇಜು ಹುಡುಕಿ ಕೂರು. ಅಂಥ ದುರ್ಬಲರಿಗೆ ಅವರ ಭಾಷೆಯಲ್ಲಿ 'ಮೀನು' ಎಂದು ಹೆಸರು. ಮೀನುಗಾರರನ್ನು ಕರೆದು ಮನುಷ್ಯರನ್ನು ಹಿಡಿಯುವವರನ್ನಾಗಿ ಮಾಡುತ್ತೇನೆ ಎಂದ ಪ್ರಭುವಿನ ಮಾತು ಕೇಳಿದ ನಮಗೆ ಈ ಪದ ಚುಚ್ಚದೆ ಇರದು.

"ಸಂತೆಯಲ್ಲಿ ವ್ಯಾಪಾರಿಯೂ ಇನ್ನೊಬ್ಬರ ಜೇಬಿನಿಂದಲೇ ತಾನೆ ಗಳಿಸುವುದು?" ಎಂದು ನೀವು ಕೇಳಬಹುದು. ನಿಜ, ಆದರೆ ಅಲ್ಲಿ ಹಣ ಕೊಟ್ಟವನ ಚೀಲಕ್ಕೆ ಲಿಂಬೆಹಣ್ಣು ಬೀಳುತ್ತದೆ. ಪೋಕರಿನಲ್ಲಿ ಸೋತವನಿಗೂ ಒಂದು ಸಂಜೆಯ ಮೋಜು ಸಿಕ್ಕಿತಲ್ಲ ಎಂದರೆ ಅದನ್ನೂ ಒಪ್ಪೋಣ. ಸಿನಿಮಾ ಟಿಕೆಟ್ಟಿಗೆ ಕೊಟ್ಟಂತೆ 100 ರೂಪಾಯಿ ಕೊಟ್ಟು, ನಕ್ಕು ಎದ್ದು ಹೋದವನಿಗೆ ಅನ್ಯಾಯವೇನೂ ಆಗಿಲ್ಲ. ಆದರೆ ಅವನು ಅಂಥವನೇ ಎಂದು ಗೊತ್ತಾಗುವುದು ಹೇಗೆ? ಪಂಚಮಿ ಹಬ್ಬಕ್ಕೆ ನಮ್ಮ ಕಡೆ ಲಿಂಬೆಹಣ್ಣು ಎಸೆಯುವ ಬಾಜಿ ಕಟ್ಟುತ್ತಾರೆ. ಅಲ್ಲಿ ಎದುರು ನಿಂತವನು ಯಾರ ಮಗ, ಮನೆಯಲ್ಲಿ ಎಷ್ಟು ಸಾಲ ಎಂಬುದು ಊರಿಗೇ ಗೊತ್ತು. ಮಿತಿಮೀರಿದರೆ, "ಸಾಕ್ ಮಾಡೋ ತಮ್ಮಾ, ಮನಿಗಿ ನಡಿ" ಎನ್ನುವ ಹಿರಿಯರೊಬ್ಬರು ಅಲ್ಲಿರುತ್ತಾರೆ. ಮೊಬೈಲಿನ ಪರದೆಯಲ್ಲಿ ಕಾಣುವುದು ಒಂದು ಅಡ್ಡಹೆಸರು, ಒಂದು ಮೊತ್ತ, ಅಷ್ಟೇ. ಆ 100 ರೂಪಾಯಿ ಸಿನಿಮಾದ್ದೋ ಮಗುವಿನ ಶಾಲೆಯ ಫೀಜಿನದ್ದೋ, ಗೆದ್ದವನಿಗೆ ತಿಳಿಯುವುದೇ ಇಲ್ಲ.

ಕಾನೂನು ಬಹುಕಾಲ ಕೇಳಿದ ಪ್ರಶ್ನೆ ಬೇರೆ: ಇದು ಕೌಶಲವೋ, ಅದೃಷ್ಟವೋ? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಕಾಯಿದೆ ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಡಲಿಲ್ಲ. ದೇಶದ ದೊಡ್ಡ ತಾಣಗಳು ಹಣದ ಆಟ ನಿಲ್ಲಿಸಿದವು. ಕದ್ದು ಆಡಿಸುವ ಹೊರದೇಶದ ತಾಣಗಳಿಗೆ ಹಣ ಹಾಕುವವರು ಒಂದನ್ನು ನೆನಪಿಡಬೇಕು. ಫರ್ಗ್ಯುಸನ್ ಅವರೂ ಸ್ಥಾಪಕರಲ್ಲಿ ಒಬ್ಬರಾಗಿದ್ದ ತಾಣವನ್ನು ಅಮೆರಿಕ ಸರ್ಕಾರ 2011ರಲ್ಲಿ ತಡೆದಾಗ, ಆಟಗಾರರಿಗೆ ಹಿಂದಿರುಗಿಸಲು ಸಾಕಷ್ಟು ಹಣ ಅದರ ಬಳಿ ಇರಲಿಲ್ಲ. ಅಲ್ಲಿನ ಆಟಗಾರರಿಗೆ ದುಡ್ಡು ಮರಳತೊಡಗಿದ್ದು 2014ರಲ್ಲಿ.

ಶಿಸ್ತಿನಿಂದ ಆಡುವವರು ಒಂದು ಲೆಕ್ಕದ ಪುಸ್ತಕ ಇಡುತ್ತಾರೆ: ತಾರೀಖು, ಪಂದ್ಯ, ಹಾಕಿದ್ದು, ಬಂದದ್ದು. ನಿಮ್ಮ ಮಗ ಅದನ್ನು ತಂದು ತೋರಿಸಿದರೆ ಹರಿದೆಸೆಯಬೇಡಿ. ಅವನ ಪಕ್ಕ ಕುಳಿತು ಸಾಲು ಸಾಲಾಗಿ ಓದಿ. 'ಬಂದದ್ದು' ಎಂಬ ಕಡೆ ದೊಡ್ಡ ಮೊತ್ತ ಕಂಡಲ್ಲಿ ಬೆರಳಿಟ್ಟು, ಇದು ಯಾರ ಮನೆಯಿಂದ ಬಂತು ತಮ್ಮಾ, ಎಂದು ಕೇಳಿ.